ಆರ್ಯ + ಅನು = ಆರ್ಯನು? ಧಾರಾವಾಹಿ ಜೋಡಿಗೆ ಹೆಸರು ಕಟ್ಟುವ ಬಗೆ

ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಮನೆಯಲ್ಲಿ ಒಂದು ಸಂಜೆ ಅಕ್ಕನ ಮಗಳು ಫೋನಿನಿಂದ ತಲೆ ಎತ್ತದೆ, "ಚಿಕ್ಕಿ, ನಾನು 'ಅಮೃತಧಾರೆ'ಯ ಗೌತಮ್‌-ಭೂಮಿಕಾನ ಶಿಪ್ ಮಾಡ್ತೇನೆ" ಅಂದಳು. ಅಡುಗೆಮನೆಯಲ್ಲಿದ್ದ ಅಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದರು. ನಮ್ಮ ಕುಂದಾಪುರದ ಕಡೆ "ಅವನು ಶಿಪ್ಪಿನಲ್ಲಿದ್ದಾನೆ" ಅಂದರೆ ಮರ್ಚೆಂಟ್ ನೇವಿಯಲ್ಲಿದ್ದಾನೆ, ತಿಂಗಳುಗಟ್ಟಲೆ ಮನೆಗೆ ಬರುವುದಿಲ್ಲ ಎಂದೇ ಅರ್ಥ. "ಪಾಪ, ಅವರನ್ನು ಎಲ್ಲಿಗೆ ಕಳಿಸ್ತೀಯೆ ಮಾರಾಯ್ತಿ?" ಎಂದು ಕೇಳಿದರು.

ಅಮ್ಮನಿಗೆ ಅರ್ಥ ಹೇಳಲು ಕೂತ ನಾನು ಅಲ್ಲಿಂದ ಎದ್ದೇ ಇಲ್ಲ. ಈಗ ಮನೆಯಲ್ಲಿ ಜೋಡಿ ಹೆಸರು ಕಟ್ಟುವ ಕೆಲಸ ನನ್ನದೇ. ರಾತ್ರಿ ನಾವು ಕನ್ನಡ ಧಾರಾವಾಹಿ ನೋಡುತ್ತೇವೆ. ಎದುರಿನ ಫ್ಲಾಟಿನ ಕಾಕು, ಅಂದರೆ ಮರಾಠಿ ಚಿಕ್ಕಮ್ಮ, ಮರಾಠಿಯದ್ದು ನೋಡುತ್ತಾರೆ. ಮೇಲಿನ ಮಹಡಿಯ ಅಕ್ಕನ ಮನೆಮಾತು ತುಳು. ನನ್ನ ಅಕ್ಕನ ಮಗಳು ಬೆಳಗಿನ ಫಾಸ್ಟ್ ಲೋಕಲ್ ರೈಲಿನಲ್ಲಿ ಗೆಳತಿಯರ ಜೊತೆ ಹಿಂದಿಯಲ್ಲಿ ಜಗಳ ಆಡುತ್ತಾಳೆ. ಇಲ್ಲಿ ಕಟ್ಟಿದ ಹೆಸರು ಇಷ್ಟು ಬಾಯಿಗಳನ್ನು ದಾಟಬೇಕು. ಬೆಂಗಳೂರಿನಲ್ಲಿ ಕೂತು ಕಟ್ಟುವವರಿಗೆ ಈ ಕಷ್ಟ ಇಲ್ಲ. ಈ ಮಜವೂ ಇಲ್ಲ.

ನೀವೂ ಶುರು ಮಾಡುವುದಾದರೆ ಹೀಗೆ ಮಾಡಿ.

ಮೊದಲು ನಾಲ್ಕು ಮಾತು ಕಲಿತುಕೊಳ್ಳಿ

ಶಿಪ್ ಎಂದರೆ ಹಡಗಲ್ಲ. ಅದು ರಿಲೇಶನ್‌ಶಿಪ್ ಎಂಬ ಪದದ ಬಾಲ. 1993ರಲ್ಲಿ ಅಮೆರಿಕದ ಫಾಕ್ಸ್ ಚಾನೆಲಿನಲ್ಲಿ 'ದಿ ಎಕ್ಸ್-ಫೈಲ್ಸ್' ಶುರುವಾಯಿತು. ಮುಲ್ಡರ್, ಸ್ಕಲಿ ಎಂಬ ಇಬ್ಬರು ಎಫ್‌ಬಿಐ ಏಜೆಂಟರ ಕಥೆ. ಇವರಿಬ್ಬರೂ ಒಂದಾಗಬೇಕು ಎಂದು ಹಟ ಹಿಡಿದ ಅಭಿಮಾನಿಗಳಿಗೆ ರಿಲೇಶನ್‌ಶಿಪ್ಪರ್ಸ್ ಎಂಬ ಹೆಸರು ಬಿತ್ತು. ಬರುಬರುತ್ತಾ ಶಿಪ್ಪರ್ಸ್ ಮಾತ್ರ ಉಳಿಯಿತು. ಪ್ರೀತಿಗೀತಿ ಏನೂ ಬೇಡ, ಕೇಸ್ ಮಾತ್ರ ತೋರಿಸಿ ಅನ್ನುವವರೂ ಇದ್ದರು. ಅವರು ನೋರೋಮೋ. ಆಗ ಹೆಸರನ್ನು ಬೆಸೆಯುವ ರೂಢಿ ಇನ್ನೂ ಅಷ್ಟಿರಲಿಲ್ಲ. ಮುಲ್ಡರ್ ಸ್ಕಲಿ ರೊಮ್ಯಾನ್ಸ್ ಎನ್ನಲು ಎಂಎಸ್ಆರ್ ಎಂದು ಮೊದಲಕ್ಷರ ಬರೆದರೆ ಸಾಕಿತ್ತು.

ಅದಕ್ಕೂ ಹಿಂದೆ, 1970ರ ದಶಕದಲ್ಲಿ, 'ಸ್ಟಾರ್ ಟ್ರೆಕ್' ಧಾರಾವಾಹಿಯ ಅಭಿಮಾನಿಗಳು ಅದರ ಕರ್ಕ್ ಮತ್ತು ಸ್ಪಾಕ್ ಎಂಬ ಇಬ್ಬರು ಗಂಡಸರ ನಡುವೆ ಪ್ರೀತಿ ಕಲ್ಪಿಸಿ ಕಥೆ ಬರೆದರು. ಆ ಕಥೆಗಳಿಗೆ ಇಬ್ಬರ ಮೊದಲಕ್ಷರ ಬರೆದು ನಡುವೆ ಒಂದು ಓರೆಗೆರೆ ಎಳೆಯುತ್ತಿದ್ದರು. ಗೆರೆಯ ಹೆಸರೇ ಆ ಬಗೆಯ ಕಥೆಗಳಿಗೂ ಬಂತು, ಸ್ಲ್ಯಾಶ್ ಎಂದು. ಜಪಾನಿನವರು ಎರಡು ಹೆಸರುಗಳ ನಡುವೆ ಗುಣಾಕಾರದ ಗುರುತು ಹಾಕುತ್ತಾರೆ. ಎರಡು ಹೆಸರನ್ನು ಕತ್ತರಿಸಿ ಒಂದು ಮಾಡುವ ಚಾಳಿ ಪತ್ರಿಕೆಗಳಿಂದ ಮನೆಮನೆಗೆ ಬಂತು. 2005ರ ಹೊತ್ತಿಗೆ ಬ್ರ್ಯಾಡ್ ಪಿಟ್, ಆಂಜೆಲಿನಾ ಜೋಲಿ ಸೇರಿ ಬ್ರ್ಯಾಂಜೆಲಿನಾ ಆದದ್ದು ನಿಮಗೂ ನೆನಪಿರಬಹುದು.

ಇನ್ನು ಪದಗಳು. ಓಟಿಪಿ ಎಂದರೆ ಬ್ಯಾಂಕಿನಿಂದ ಬರುವುದಲ್ಲ, 'ಒನ್ ಟ್ರೂ ಪೇರಿಂಗ್', ಅಂದರೆ ನಿಮ್ಮ ಮಟ್ಟಿಗೆ ಇದೊಂದೇ ಜೋಡಿ, ಬೇರೆ ಮಾತಿಲ್ಲ. ಇದನ್ನು ಮಾತ್ರ ಎಲ್ಲರಿಗೂ ಧೈರ್ಯವಾಗಿ ಹೇಳಬಹುದು. ಕ್ಯಾನನ್ ಎಂದರೆ ಕಥೆಯಲ್ಲೇ ಆದದ್ದು. ಎಂಡ್‌ಗೇಮ್ ಎಂದರೆ ಕೊನೆಯ ಕಂತಿನಲ್ಲಿ ಜೊತೆಗಿರುವ ಜೋಡಿ. ಪ್ರೀಕ್ಯಾಪ್ ಎಂದರೆ ಕಂತಿನ ಕೊನೆಗೆ ತೋರಿಸುವ ನಾಳೆಯ ತುಣುಕು. ನಮ್ಮ ಮನೆಯಲ್ಲಿ ಅರ್ಧ ಜಗಳ ಅಲ್ಲೇ ಹುಟ್ಟುವುದು. ಲೀಪ್ ಎಂದರೆ ಕಥೆ ಒಂದೇ ರಾತ್ರಿಯಲ್ಲಿ ಐದೋ ಇಪ್ಪತ್ತೋ ವರ್ಷ ಮುಂದಕ್ಕೆ ಹಾರುವುದು. ಜೋಡಿ ಹೆಸರಿಗೆ ಲೀಪಿಗಿಂತ ದೊಡ್ಡ ಕಂಟಕ ಇಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ಇರುವ ಹೆಸರುಗಳನ್ನು ಬಿಡಿಸಿ ನೋಡಿ

ಕಟ್ಟುವ ಮೊದಲು ಬಿಚ್ಚುವುದು ಕಲಿಯಬೇಕು. ಹಳೆಯ ಸ್ವೆಟರ್ ಬಿಚ್ಚಿದರೆ ಹೊಲಿಗೆ ತಿಳಿಯುತ್ತದಲ್ಲ, ಹಾಗೆ. ಅಭ್ಯಾಸಕ್ಕೆ ಹಿಂದಿ ಧಾರಾವಾಹಿಗಳೇ ಸರಿ. ಗೋರೆಗಾಂವಿನ ಫಿಲ್ಮ್ ಸಿಟಿ, ಮೀರಾ ರೋಡ್, ನಾಯಗಾಂವ್ ಕಡೆಯ ಸೆಟ್ಟುಗಳಲ್ಲಿ ಅವು ವರ್ಷಗಟ್ಟಲೆ ನಡೆಯುತ್ತವೆ. ಹೆಸರುಗಳೂ ಬೇಕಾದಷ್ಟು ಸಿಗುತ್ತವೆ.

ಸುಲಭದ್ದರಿಂದ ಶುರು ಮಾಡೋಣ. 2011ರಲ್ಲಿ ಬಂದ 'ಇಸ್ ಪ್ಯಾರ್ ಕೋ ಕ್ಯಾ ನಾಮ್ ದೂಂ'ನಲ್ಲಿ ಅರ್ನವ್ ಮತ್ತು ಖುಷಿ. ಅವನ ತಲೆ, ಇವಳ ಬಾಲ, ಸೇರಿ ಅರ್ಶಿ. ಎರಡೇ ಅಕ್ಷರ. ಅಮ್ಮನಿಗೆ ಅದು ಅರಸಿ ಎಂದು ಕೇಳಿಸುತ್ತದೆ. ಖುಷಿಗೆ ಅದೂ ಒಪ್ಪುತ್ತದೆ ಬಿಡಿ. 'ಯೇ ಹೈ ಮೊಹಬ್ಬತೇಂ'ನ ಇಶಿತಾ ಮತ್ತು ರಾಮನ್ ಸೇರಿದರೆ ಇಶ್ರಾ. ಇಲ್ಲಿ ಇಬ್ಬರ ತಲೆಯನ್ನೂ ತೆಗೆದುಕೊಂಡಿದ್ದಾರೆ, ಬಾಲ ಯಾರದ್ದೂ ಇಲ್ಲ. 'ಬಡೇ ಅಚ್ಛೇ ಲಗತೇ ಹೈಂ'ನ ರಾಮ್ ಮತ್ತು ಪ್ರಿಯಾ ಸೇರಿ ರಾಯಾ. ಇದು ನನಗೆ ಬಹಳ ಇಷ್ಟ. ಮರಾಠಿ ಲಾವಣಿಯಲ್ಲಿ ಹೆಣ್ಣು ತನ್ನ ನಲ್ಲನನ್ನು ಕರೆಯುವುದೇ 'ರಾಯಾ' ಎಂದು. ನಮ್ಮ ಜನಪದದಲ್ಲೂ ಗಂಡ ರಾಯನೇ. ಹೆಸರು ಕಟ್ಟಿದವರಿಗೆ ಇದು ಗೊತ್ತಿತ್ತೋ ಇಲ್ಲವೋ, ಗುರುವಾರ ಮಾತ್ರ ಅಮ್ಮನ ಎದುರು ರಾಯರ ಹೆಸರನ್ನು ಹೀಗೆ ಎಳೆದಾಡಬಾರದು.

'ಕುಂಕುಮ್ ಭಾಗ್ಯ' 2014ರಲ್ಲಿ ಶುರುವಾಯಿತು. ಅಭಿ ಮತ್ತು ಪ್ರಗ್ಯಾ, ಸೇರಿ ಅಭಿಗ್ಯಾ. ಮುಂಬಯಿಯಲ್ಲಿ ಈ ಹೆಸರಿಗೆ ಮೂರು ಅವತಾರ. ಹಿಂದಿಯವರ ಬಾಯಲ್ಲಿ 'ಗ್ಯಾ'. ಅದೇ ಅಕ್ಷರ ಮರಾಠಿಯವರ ಬಾಯಲ್ಲಿ 'ದ್ನ್ಯಾ', ಹಾಗಾಗಿ ಕಾಕುಗೆ ಅವಳು ಪ್ರದ್ನ್ಯಾ. ನಾವು ಬರೆಯುವುದು ಪ್ರಜ್ಞಾ. ನಮ್ಮ ಲೆಕ್ಕದಲ್ಲಿ ಜೋಡಿ ಹೆಸರು ಅಭಿಜ್ಞಾ ಆಗಬೇಕು. ಅಭಿಜ್ಞ ಎಂದರೆ ಚೆನ್ನಾಗಿ ತಿಳಿದವನು. ಆ ಇಬ್ಬರು ಎಷ್ಟು ವರ್ಷ ಒಬ್ಬರನ್ನೊಬ್ಬರು ತಪ್ಪು ತಿಳಿದುಕೊಂಡೇ ಕಳೆದರು ಎಂದು ನೆನೆದರೆ ನಗು ಬರುತ್ತದೆ.

ಇನ್ನು ತಲೆನೋವಿನ ಮನೆಗೆ ಬನ್ನಿ. 'ಯೇ ರಿಶ್ತಾ ಕ್ಯಾ ಕೆಹಲಾತಾ ಹೈ' 2009ರಿಂದ ನಡೆಯುತ್ತಿದೆ. ಮೊದಲ ಜೋಡಿ ನೈತಿಕ್ ಮತ್ತು ಅಕ್ಷರಾ. ಅವರ ಮಗಳ ಹೆಸರು ನಾಯ್ರಾ. ಅಪ್ಪನ ತಲೆಗೆ ಅಮ್ಮನ ಬಾಲ ಅಂಟಿಸಿದರೆ ಅದೇ ಬರುತ್ತದೆ ನೋಡಿ. ಆ ನಾಯ್ರಾ ಬೆಳೆದು ಕಾರ್ತಿಕ್‌ನನ್ನು ಮದುವೆಯಾದಳು. ಅಭಿಮಾನಿಗಳು ಅವರನ್ನು ಕಾಯ್ರಾ ಅಂದರು. ಆಮೇಲೆ ಕಾರ್ತಿಕ್‌ನ ಬಾಳಿಗೆ ಸೀರತ್ ಬಂದಳು. ಆಗ ಆದದ್ದು ಕಾಯ್ರತ್. ಕಾರ್ತಿಕ್‌ನಲ್ಲಿ 'ಕಾಯ್' ಎಲ್ಲಿದೆ ಎಂದು ಹುಡುಕಬೇಡಿ, ಇಲ್ಲ. ಅದು ನಾಯ್ರಾಳಿಂದ ಬಂದ ಸದ್ದು ಎಂದೇ ನನಗೆ ಕೇಳಿಸುವುದು. ಹೊಸ ಹೆಂಡತಿಯ ಜೋಡಿ ಹೆಸರಿನಲ್ಲೂ ಹಳೆಯ ಹೆಂಡತಿ ಕೂತಿದ್ದಾಳೆ. ಮುಂದಿನ ತಲೆಮಾರಿನಲ್ಲಿ ಅಭಿಮನ್ಯು ಮತ್ತು ಇನ್ನೊಬ್ಬ ಅಕ್ಷರಾ ಸೇರಿ ಅಭಿರಾ ಆದರು. 2023ರ ಲೀಪ್ ಆದ ಮೇಲೆ ಬಂದ ನಾಯಕಿಯ ಹೆಸರೇ ಅಭಿರಾ! ಜೋಡಿಯ ಹೆಸರು ಒಬ್ಬಳ ಹೆಸರಾಯಿತು. ಈ ಒಂದು ಧಾರಾವಾಹಿ ಬಿಡಿಸಿದವರಿಗೆ ಬೇರೆ ಪಾಠ ಬೇಡ.

ಅಂದ ಹಾಗೆ, ನಾಯ್ರಾ ಎಂಬುದನ್ನು ಕನ್ನಡದಲ್ಲಿ ಬಿಡಿಸಿ ಬರೆಯಬೇಡಿ. 'ನಾಯಿರಾ' ಎಂದು ಒಮ್ಮೆ ಮನೆಯ ವಾಟ್ಸಾಪ್ ಗುಂಪಿನಲ್ಲಿ ಹಾಕಿ, ಊರಿನಿಂದ ದೊಡ್ಡಮ್ಮ "ಯಾರ ಮನೆ ನಾಯಿ?" ಎಂದು ಕೇಳಿದ್ದು ಇನ್ನೂ ಮುಗಿದಿಲ್ಲ.

ಕನ್ನಡದಲ್ಲಿ ಕಟ್ಟುವಾಗ ಅಕ್ಷರದಲ್ಲಿ ಕತ್ತರಿಸಿ

ಹೆಚ್ಚಿನವರು ಎಡವುವುದು ಇಲ್ಲೇ. ಹಿಂದಿ ಅಭಿಮಾನಿಗಳು ಹೆಸರನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದುಕೊಂಡು, ಎಲ್ಲಿ ಬೇಕೋ ಅಲ್ಲಿ ಕತ್ತರಿ ಹಾಕುತ್ತಾರೆ. ಸೇರುವ ಜಾಗದಲ್ಲಿ ಒಂದು ದೊಡ್ಡಕ್ಷರ ಇಟ್ಟರೆ ಹೊಲಿಗೆ ಕಾಣುತ್ತದೆ. ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಇಲ್ಲ. ನಮ್ಮಲ್ಲಿ ಸ್ವರ ವ್ಯಂಜನಕ್ಕೆ ಅಂಟಿಕೊಂಡೇ ಇರುತ್ತದೆ. ಹಾಗಾಗಿ ಕಾಗದದ ಮೇಲೆ ಹೆಸರನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಬರೆಯಿರಿ. ಭೂ, ಮಿ, ಕಾ. ಗೌ, ತ, ಮ್. ಈಗ ಒಂದೊಂದನ್ನೇ ಜೋಡಿಸಿ ಗಟ್ಟಿಯಾಗಿ ಓದಿ.

'ಅಮೃತಧಾರೆ'ಯ ಇವರಿಬ್ಬರಿಗೆ ಅಕ್ಕನ ಮಗಳು ಮೊದಲು ಕಟ್ಟಿದ ಹೆಸರು ಏನು ಗೊತ್ತೇ? ಹುಡುಗಿಯ ತಲೆ, ಹುಡುಗನ ಬಾಲ. ಭೂ ಮತ್ತು ತಮ್. ಭೂತಮ್! ನಮ್ಮ ಊರಿನಲ್ಲಿ ಭೂತ ಎಂದರೆ ಹೆದರಿಕೆಗಿಂತ ಭಕ್ತಿ ಜಾಸ್ತಿ. ಅಮ್ಮ ಕೈ ಮುಗಿದು, "ಕೋಲ ಕೊಡಬೇಕಾದೀತು, ಬೇರೆ ಹೆಸರು ಇಡಿ" ಅಂದರು. ತಿರುಗಿಸಿದೆವು. ಗೌಮಿಕಾ. ಪರವಾಗಿಲ್ಲ, ಆದರೆ ಔಷಧಿ ಅಂಗಡಿಯ ಹೆಸರಿನ ಹಾಗೆ ಇದೆ. ಬಾಲ ಕತ್ತರಿಸಿದಾಗ ಸಿಕ್ಕಿದ್ದು ಗೌಮಿ. ಎರಡು ಅಕ್ಷರ, ಇಬ್ಬರೂ ಕಾಣುತ್ತಾರೆ, ಕರೆದರೆ ಓಗೊಡುವ ಹಾಗಿದೆ. ನಮ್ಮ ಮನೆಯಲ್ಲಿ ಈಗ ಅದೇ.

ಎಷ್ಟು ಅಕ್ಷರ ಇರಬೇಕು? ಎರಡು ಬಹಳ ಒಳ್ಳೆಯದು, ಮೂರು ಸರಿ, ನಾಲ್ಕಾದರೆ ಕಷ್ಟ. ಐದಾದರೆ ಅದು ಮದುವೆ ಹಾಲಿನ ಹೆಸರು. ದಕ್ಷಿಣ ಮುಂಬಯಿಯನ್ನು ಸೋಬೋ ಎಂದು ಎರಡಕ್ಷರಕ್ಕೆ ಇಳಿಸಿದ ಊರು ಇದು. ಇಲ್ಲಿ ಉದ್ದದ ಹೆಸರಿಗೆ ಯಾರಿಗೂ ಪುರುಸೊತ್ತಿಲ್ಲ.

ಈಗ ತಮಾಷೆಯ ಭಾಗ. ಶಾಲೆಯಲ್ಲಿ ಬೈದುಕೊಂಡು ಕಲಿತ ಸಂಧಿ ಇಲ್ಲಿ ಕೆಲಸಕ್ಕೆ ಬರುತ್ತದೆ. 'ಜೊತೆ ಜೊತೆಯಲಿ' ಜೀ ಕನ್ನಡದಲ್ಲಿ 2019ರಲ್ಲಿ ಶುರುವಾಯಿತು. ಅದು ಮರಾಠಿಯ 'ತುಲಾ ಪಾಹತೇ ರೇ' ಧಾರಾವಾಹಿಯ ರಿಮೇಕ್. ಅಲ್ಲಿ ವಿಕ್ರಾಂತ್ ಮತ್ತು ಈಶಾ, ಇಲ್ಲಿ ಆರ್ಯವರ್ಧನ್ ಮತ್ತು ಅನು. ಕಾಕು ಮತ್ತು ಅಮ್ಮ ಒಂದೇ ಕಥೆಯನ್ನು ಎರಡು ಭಾಷೆಯಲ್ಲಿ ನೋಡಿ ಮೆಟ್ಟಿಲ ಮೇಲೆ ನಿಂತು ತಾಳೆ ನೋಡುತ್ತಿದ್ದರು. ಆಗ ನಾವು ಕಟ್ಟಲು ಹೋದದ್ದು ಆರ್ಯ ಮತ್ತು ಅನು.

ಆರ್ಯ + ಅನು. ಕನ್ನಡದ ಲೋಪ ಸಂಧಿ ಮಾಡಿ. ಆರ್ಯನು! ಅನು ಎಲ್ಲಿ ಹೋದಳು? ವಿಭಕ್ತಿ ಪ್ರತ್ಯಯ ಆಗಿಹೋದಳು. 'ಆರ್ಯನು ಮನೆಗೆ ಬಂದನು' ಎಂದು ಬರೆದರೆ ಜೋಡಿ ಬಂತೋ, ಅವನೊಬ್ಬನೇ ಬಂದನೋ ದೇವರೇ ಬಲ್ಲ. ಸರಿ, ತಿರುಗಿಸೋಣ. ಅನು + ಆರ್ಯ. ಲೋಪ ಮಾಡಿದರೆ ಅನಾರ್ಯ. ಅಂದರೆ ಸಜ್ಜನಿಕೆ ಇಲ್ಲದವನು. ಕಥೆ ಮುಂದೆ ಹೋದ ಹಾಗೆ ಅದೂ ಪೂರ್ತಿ ಸುಳ್ಳಲ್ಲ ಎಂದು ಕಾಕು ಅಂದರು. ಅವರಿಗೆ ಮರಾಠಿಯಲ್ಲಿ ಮೊದಲೇ ಕಥೆ ಗೊತ್ತಿತ್ತು. ಆಗಮ ಸಂಧಿ ಮಾಡಿದರೆ ಅನುವಾರ್ಯ. ಸ್ವಲ್ಪ ಉದ್ದ. ಕೊನೆಗೆ ಸಂಸ್ಕೃತದ ಯಣ್ ಸಂಧಿಗೆ ಹೋದೆವು. ಉಕಾರ ವಕಾರವಾಗಿ ಅನ್ವಾರ್ಯ ಬಂತು. ಕೇಳಲು ಚೆಂದ, ಕೆಟ್ಟ ಅರ್ಥವಿಲ್ಲ, ಇಬ್ಬರೂ ಇದ್ದಾರೆ. ನಿಮ್ಮ ಜೋಡಿಯನ್ನೂ ಹೀಗೆ ಲೋಪ, ಆಗಮ, ಆದೇಶ, ಯಣ್ ಎಂದು ಒಂದೊಂದೇ ಯಂತ್ರಕ್ಕೆ ಹಾಕಿ ನೋಡಿ. ಯಾವುದೋ ಒಂದರಿಂದ ಹೆಸರು ಹೊರಗೆ ಬರುತ್ತದೆ.

ಇನ್ನೊಂದು ಉಪಾಯ, ಇಬ್ಬರ ಹೆಸರಿನಲ್ಲೂ ಇರುವ ಸದ್ದನ್ನು ಹುಡುಕಿ ಅಲ್ಲಿ ಹೊಲಿಗೆ ಹಾಕುವುದು. ಕನ್ನಡದಲ್ಲಿ ಇದರ ಒಳ್ಳೆಯ ಉದಾಹರಣೆ ಧಾರಾವಾಹಿಯದ್ದಲ್ಲ, ಬಿಗ್ ಬಾಸ್‌ದು. ಆ ಕಾರ್ಯಕ್ರಮದ ಕನ್ನಡ ಆವೃತ್ತಿಗೆ ಮೊದಲ ಎರಡು ಸೀಸನ್ನು, 2013 ಮತ್ತು 2014ರಲ್ಲಿ, ಮನೆ ಇದ್ದದ್ದು ನಮ್ಮ ಲೋನಾವಳದಲ್ಲಿ. ಆಮೇಲೆ ಬಿಡದಿಗೆ ಹೋಯಿತು. 2021ರ ಎಂಟನೇ ಸೀಸನ್ನಿನಲ್ಲಿ ಅರವಿಂದ್ ಕೆ.ಪಿ. ಮತ್ತು ದಿವ್ಯಾ ಉರುಡುಗ ಜೋಡಿಗೆ ಜನ ಇಟ್ಟ ಹೆಸರು ಅರ್ವಿಯಾ. 'ಅರವಿ' ಎನ್ನುವಾಗ ಬರುವ ವಿ, 'ದಿವ್ಯಾ' ಎನ್ನುವಾಗ ಇಣುಕುವ ವಿ, ಎರಡೂ ಒಂದೇ ಕಡೆ ಬಂದು ಕೂತಿವೆ. ದಿವ್ಯಾಳ ವ್ಯಾ ಒತ್ತಕ್ಷರವನ್ನು ಸಡಿಲಿಸಿ ವಿಯಾ ಮಾಡಿದ್ದಾರೆ. ಒತ್ತಕ್ಷರ ಗಂಟಲಿಗೆ ಸಿಕ್ಕಿಕೊಂಡರೆ ಹೀಗೆ ಬಿಚ್ಚಿಬಿಡಿ, ಯಾರೂ ಕೇಸ್ ಹಾಕುವುದಿಲ್ಲ.

ಕೆಲವು ಜೋಡಿಗೆ ಕತ್ತರಿಯೇ ಬೇಡ. ಜೀ ಕನ್ನಡದಲ್ಲಿ 2023ರಲ್ಲಿ ಬಂದ 'ಸೀತಾ ರಾಮ' ನೋಡಿ. ಹೆಸರು ಇಡಲು ನಮಗೆ ಜಾಗವನ್ನೇ ಬಿಟ್ಟಿಲ್ಲ. ಉಮಾಮಹೇಶ್ವರ, ಲಕ್ಷ್ಮೀನಾರಾಯಣ, ರಾಧಾಕೃಷ್ಣ ಎಂದು ಪೂರ್ತಿ ಹೆಸರನ್ನೇ ಜೋಡಿಸುವುದು ನಮ್ಮ ಹಳೆಯ ಪದ್ಧತಿ. ಹೆಣ್ಣಿನ ಹೆಸರು ಮೊದಲು. ಯಾರ ಹೆಸರು ಮುಂದೆ ಎಂದು ಅಭಿಮಾನಿಗಳು ಹೊಡೆದಾಡುವಾಗ ನಾನು ಇದನ್ನೇ ಹೇಳಿ ಬಾಯಿ ಮುಚ್ಚಿಸುತ್ತೇನೆ. ಇದೂ ಮರಾಠಿಯಿಂದ ಬಂದ ಕಥೆ. ಮೂಲವಾದ 'ಮಾಝಿ ತುಝಿ ರೇಶೀಮಗಾಠ'ದಲ್ಲಿ ಯಶ್ ಮತ್ತು ನೇಹಾ. ಕತ್ತರಿಸದೆ ಪಕ್ಕ ಪಕ್ಕ ಇಟ್ಟರೆ ಯಶ್ನೇಹಾ. ಒಳಗೆ ಸ್ನೇಹಾ ಕೇಳಿದ ಹಾಗಾಗುತ್ತದೆ. ಇದು ನಾನು ಕಾಕುಗೆ ಕಟ್ಟಿಕೊಟ್ಟದ್ದು. ಅದರ ಬದಲಿಗೆ ಒಂದು ಡಬ್ಬಿ ಪೂರಣಪೋಳಿ ಬಂತು.

'ಕನ್ನಡತಿ'ಯ ಹರ್ಷ ಮತ್ತು ಭುವಿಗೆ ಮಾತ್ರ ನಾನು ಸೋತೆ. ಹರ್ಭು ಎಂದರೆ ಹೊಸ ಕಾಳಿನ ಹೆಸರು. ಭುರ್ಷ ಎಂದರೆ ಬ್ರಷ್. ಹರ್ವಿ ನಡೆಯುತ್ತದೆ, ಆದರೆ ಕನ್ನಡ ಮೇಷ್ಟ್ರಾದ ನಾಯಕಿಗೆ ಇಷ್ಟು ಸಪ್ಪೆ ಹೆಸರೇ? ಮನೆಯಲ್ಲಿ ಭುವಿಯ ಹೆಸರನ್ನು ಮೊಟಕು ಮಾಡುವುದಕ್ಕೆ ಅಮ್ಮ ಒಪ್ಪಲೂ ಇಲ್ಲ. ಕೆಲವು ಜೋಡಿಯನ್ನು ಪೂರ್ತಿ ಹೆಸರಿನಲ್ಲೇ ಕರೆಯುವುದು ಮರ್ಯಾದೆ.

ನೆರೆಮನೆಯಲ್ಲಿ ಪರೀಕ್ಷೆ ಮಾಡಿ

ಬೇರೆ ಊರಿನವರು ಈ ಹೆಜ್ಜೆ ಬಿಟ್ಟರೂ ನಡೆದೀತು. ಮುಂಬಯಿಯವರು ಬಿಡಬಾರದು. ಕಟ್ಟಿದ ಹೆಸರನ್ನು ಜಗತ್ತಿಗೆ ತೋರಿಸುವ ಮೊದಲು ಅಕ್ಕಪಕ್ಕದ ಭಾಷೆಯವರ ಎದುರು ಒಮ್ಮೆ ಹೇಳಿ, ಅವರ ಮುಖ ನೋಡಿ.

ಅಭ್ಯಾಸಕ್ಕೆಂದು ನಾವು ಹುಟ್ಟಿಸಿಕೊಂಡ ಪಾತ್ರಗಳನ್ನೇ ತೆಗೆದುಕೊಳ್ಳಿ. ಗಾನವಿ ಮತ್ತು ಮಾಧವ. ಕನ್ನಡದ ಕಿವಿಗೆ ಗಾಧವ ಎಷ್ಟು ಗಂಭೀರವಾಗಿದೆ ಅಲ್ವಾ? ಯಾವುದೋ ರಾಜಮನೆತನದ ಹಾಗೆ. ಕಾಕು ಮಾತ್ರ ನಕ್ಕು ನಕ್ಕು ಬಾಗಿಲು ಹಿಡಿದುಕೊಂಡರು. ಮರಾಠಿಯಲ್ಲಿ ಗಾಢವ ಎಂದರೆ ಕತ್ತೆ. ಪಂಕಜ ಮತ್ತು ರಾಜಿ ಸೇರಿದರೆ ಪಂಜಿ. ಮೇಲಿನ ಮಹಡಿಯ ಅಕ್ಕ "ಅಯ್ಯೋ, ಬೇಡ" ಅಂದರು. ತುಳುವಿನಲ್ಲಿ ಅದು ಹಂದಿ. ಸಾಗರ್ ಮತ್ತು ಅಖಿಲಾ ಸೇರಿ ಸಾಲಾ. ಹಿಂದಿಯಲ್ಲಿ ಬೈಗುಳ, ಕನ್ನಡದಲ್ಲಿ ತಿಂಗಳ ಕೊನೆಯ ನೋವು. ಮೂರೂ ಕಡೆ ಅಕ್ಷರ ಕತ್ತರಿಸಿದ ರೀತಿಯಲ್ಲಿ ತಪ್ಪಿಲ್ಲ. ಹೆಸರು ಮಾತ್ರ ಹೊರಗೆ ಹೋಗುವ ಹಾಗಿಲ್ಲ.

ಆಮೇಲೆ ಒಂದು ಕೂಗುವ ಪರೀಕ್ಷೆ. ಅಡುಗೆಮನೆಯಿಂದ ಹಾಲಿಗೆ, ಕುಕ್ಕರ್ ಸೀಟಿಯ ನಡುವೆ, "ಬೇಗ ಬಾ, ಗೌಮಿ ಸೀನ್ ಬಂತು" ಎಂದು ಕೂಗಿ. ಒಂದೇ ಸಲಕ್ಕೆ ಕೇಳಿಸಿತೇ? ಹೆಸರು ಪಾಸ್. 'ಏನು?' ಎಂದು ಮರುಪ್ರಶ್ನೆ ಬಂದರೆ ಮತ್ತೆ ಕಾಗದ ತೆಗೆದುಕೊಳ್ಳಿ.

ಬರೆಯುವಾಗಿನ ಕಿರಿಕಿರಿ

ಫೋನಿನಲ್ಲಿ ಕನ್ನಡ ಟೈಪ್ ಮಾಡುವಾಗ ಒಂದು ತೊಂದರೆ ಉಂಟು. ಮೊದಲ ಹೆಸರಿನ ತುಂಡು ಅರ್ಧಾಕ್ಷರದಲ್ಲಿ ಮುಗಿದರೆ, ಮುಂದಿನದು ಅದಕ್ಕೆ ಒತ್ತಾಗಿ ಕೆಳಗೆ ಇಳಿಯುತ್ತದೆ. ಹಿಂದಿ ಬಿಗ್ ಬಾಸ್‌ನ ಹದಿಮೂರನೇ ಸೀಸನ್ನಿನ ಸಿದ್ಧಾರ್ಥ್ ಶುಕ್ಲಾ, ಶೆಹನಾಜ್ ಗಿಲ್ ಜೋಡಿಯ ಹೆಸರನ್ನೇ ನೋಡಿ. ಹಾಗೇ ಬರೆದರೆ ಸಿದ್ನಾಜ್. ನಮಗೆ ಬೇಕಾದದ್ದು ಸಿದ್‌ನಾಜ್. ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಹಾಕಬೇಕು. ಕೆಲವು ಕೀಬೋರ್ಡುಗಳಲ್ಲಿ ಅದಕ್ಕೆಂದೇ ಒಂದು ಕೀಲಿ ಇರುತ್ತದೆ. ಗೊತ್ತಿದ್ದವರು ಅದನ್ನು ಝಡ್‌ಡಬ್ಲ್ಯೂಎನ್‌ಜೆ ಎನ್ನುತ್ತಾರೆ. ಕೀಲಿ ಸಿಗದಿದ್ದರೆ ಬೇರೆ ಕಡೆಯಿಂದ ಆ ಪದವನ್ನು ಕಾಪಿ ಮಾಡಿಕೊಳ್ಳಿ.

ಹ್ಯಾಶ್‌ಟ್ಯಾಗ್ ಹಾಕುವುದಾದರೆ ನಡುವೆ ಜಾಗ ಬೇಡ, ಹೈಫನ್ನೂ ಬೇಡ. ಅಲ್ಲಿಗೇ ಟ್ಯಾಗ್ ನಿಂತುಬಿಡುತ್ತದೆ, ಅರ್ಧ ಗಂಡ ಮಾತ್ರ ಟ್ರೆಂಡ್ ಆಗುತ್ತಾನೆ. ಆ ಕಾಣದ ಗುರುತು ಇರುವ ಪದವನ್ನು ಟ್ಯಾಗ್ ಮಾಡಿದ ಮೇಲೆ ಒಮ್ಮೆ ಒತ್ತಿ ನೋಡಿ, ಪೂರ್ತಿ ಪದ ನೀಲಿಯಾಗಿದೆಯೇ ಎಂದು. ಎಲ್ಲಕ್ಕಿಂತ ಮುಖ್ಯ, ಒಂದೇ ಕಾಗುಣಿತಕ್ಕೆ ಎಲ್ಲರೂ ಒಪ್ಪಬೇಕು. ಒಬ್ಬರು ಗೌಮಿ, ಇನ್ನೊಬ್ಬರು ಗೌಮೀ, ಮತ್ತೊಬ್ಬರು ಗವ್ಮಿ ಬರೆದರೆ ಮೂರು ಬೇರೆ ಬೇರೆ ಟ್ಯಾಗ್ ಆಗುತ್ತವೆ. ಕಂಪ್ಯೂಟರಿಗೆ ದೀರ್ಘ ಹ್ರಸ್ವದ ದಾಕ್ಷಿಣ್ಯ ಇಲ್ಲ. ಇಂಗ್ಲಿಷ್ ಲಿಪಿಯಲ್ಲೂ ಒಂದು ಕಾಗುಣಿತ ಗೊತ್ತು ಮಾಡಿಕೊಳ್ಳಿ. ಮುಂಬಯಿಯಲ್ಲಿ ಹುಟ್ಟಿ ಬೆಳೆದ ಎಷ್ಟೋ ಮಕ್ಕಳು ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಅಕ್ಕನ ಮಗಳು ಕನ್ನಡ ಅಕ್ಷರ ಕಲಿತದ್ದೇ ಈ ಹೆಸರುಗಳನ್ನು ಬಿಡಿಸಿ ಬರೆಯಲು ಹೋಗಿ.

ಎಲ್ಲಿ ನಿಲ್ಲಿಸಬೇಕು

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಹೆಸರು ಪಾತ್ರಕ್ಕೆ, ನಟರಿಗಲ್ಲ. ಆ ನಟಿಗೆ ಮನೆ ಉಂಟು, ಗಂಡ ಇರಬಹುದು, ಆ ನಟನಿಗೆ ಮಕ್ಕಳಿರಬಹುದು. ಅವರ ಮದುವೆಯ ಫೋಟೋದ ಕೆಳಗೆ ಧಾರಾವಾಹಿಯ ಜೋಡಿ ಹೆಸರು ಬರೆಯುವುದು ಹೊಲಸು ಕೆಲಸ. ಬಿಗ್ ಬಾಸ್‌ನಂಥ ಕಡೆ ಪಾತ್ರ ಇಲ್ಲ, ನಿಜ ಮನುಷ್ಯರೇ. ಅಲ್ಲಿ ಇನ್ನೂ ಜಾಗ್ರತೆ ಬೇಕು. ಸಿದ್ಧಾರ್ಥ್ ಶುಕ್ಲಾ 2021ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಅವರ ಹೆಸರಿಗೆ ಶೆಹನಾಜ್ ಹೆಸರು ಬೆಸೆದ ಆ ಪದ ಆಮೇಲೂ ಓಡುತ್ತಲೇ ಇತ್ತು. ಉಳಿದವಳ ಕಣ್ಣಿಗೆ ಅದು ದಿನಾ ಬೀಳುತ್ತಿದ್ದರೆ ಹೇಗಿರಬಹುದು ಎಂದು ಮಗಳಿಗೆ ಕೇಳಿದೆ. ಅವಳು ಆ ಹಳೆಯ ವಿಡಿಯೊ ಮತ್ತೆ ಹಂಚಲಿಲ್ಲ.

ಬೇರೆ ಜೋಡಿಯವರ ಜೊತೆ ಜಗಳ ಆಡಿ, ತಪ್ಪಿಲ್ಲ. ನಾನೂ ಆಡುತ್ತೇನೆ. ಆದರೆ ಲೋಕಲಿನಲ್ಲಿ ಬೇಡ. ಮೂವರ ಸೀಟಿನ ತುದಿಯಲ್ಲಿ ನಾಲ್ಕನೆಯವರಾಗಿ ಕೂತವರಿಗೆ ಠಾಣೆಯಲ್ಲಿ ಇಳಿಯಬೇಕಿರುತ್ತದೆ.

ಲೀಪ್ ಬಂದಾಗ

ಇಷ್ಟೆಲ್ಲ ಮಾಡಿ ಕಟ್ಟಿದ ಹೆಸರು ಒಂದು ಸೋಮವಾರ ಬಿದ್ದುಹೋಗುತ್ತದೆ. ನಾಯಕಿ ಬೆಟ್ಟದಿಂದ ಬೀಳುತ್ತಾಳೆ. ಇಲ್ಲವೇ ನಟಿ ಬಿಟ್ಟು ಹೋಗಿ ಅದೇ ಪಾತ್ರಕ್ಕೆ ಬೇರೆ ಮುಖ ಬರುತ್ತದೆ. ಮುಖ ಮಾತ್ರ ಬದಲಾದರೆ ಹೆಸರು ಇಟ್ಟುಕೊಳ್ಳಿ, ಹೆಸರು ಪಾತ್ರದ್ದು ತಾನೇ. ಪಾತ್ರವೇ ಹೋದರೆ ಹಳೆಯ ಹೆಸರಿಗೆ ಹೊಸಬಳ ಬಾಲ ಅಂಟಿಸಬೇಡಿ. ಕಾಯ್ರತ್ ಕಥೆ ಮೇಲೆ ಹೇಳಿದೆನಲ್ಲ. ಹೊಸ ಕಾಗದ, ಹೊಸ ಅಕ್ಷರ, ಮೊದಲಿನಿಂದ ಶುರು. ಹಳೆಯದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ನಾನು ಹಾಲಿನ ಲೆಕ್ಕದ ಹಳೆಯ ಪುಸ್ತಕದ ಹಿಂದಿನ ಪುಟಗಳಲ್ಲಿ ಬರೆಯುತ್ತೇನೆ. ಭೂತಮ್, ಗಾಧವ, ಪಂಜಿ ಎಲ್ಲ ಅಲ್ಲೇ ಇವೆ.

ಮೊನ್ನೆ ಯಾವುದೋ ಹೊಸ ಧಾರಾವಾಹಿಯ ಪ್ರೋಮೋ ಬಂತು. ಹುಡುಗ ಕಾರಿನಲ್ಲಿ ಬಂದ, ಹುಡುಗಿ ಮಳೆಯಲ್ಲಿ ನಿಂತಿದ್ದಳು, ಕೆಸರು ಹಾರಿತು. ಹೆಸರು ಇನ್ನೂ ಹೇಳಿಲ್ಲ. ಅಮ್ಮ ಕನ್ನಡಕ ಒರೆಸಿಕೊಂಡು ಹಾಲಿನ ಪುಸ್ತಕ ತೆಗೆದು, ಹೊಸ ಪುಟದಲ್ಲಿ ಒಂದು ಅಡ್ಡಗೆರೆ, ಅದರ ಪಕ್ಕ ಕೂಡಿಸುವ ಗುರುತು, ಮತ್ತೊಂದು ಅಡ್ಡಗೆರೆ ಎಳೆದು ಇಟ್ಟಿದ್ದಾರೆ.